ಎಂಬಿರಾ: ಒಬ್ಬರೇ ನುಡಿಸಿದರೆ ಅರ್ಧವೇ ಕೇಳಿಸುವ ವಾದ್ಯ

ಮರದ ಹಲಗೆಯ ಮೇಲೆ ಕಬ್ಬಿಣದ ಪಟ್ಟಿಗಳನ್ನು ಬಿಗಿದು, ಅವುಗಳ ತುದಿಯನ್ನು ಬೆರಳಿನಿಂದ ಮೀಟಿ ನುಡಿಸುವ ವಾದ್ಯವೇ ಎಂಬಿರಾ. ಜಿಂಬಾಬ್ವೆಯ ಶೋನಾ ಜನರ ಮನೆಮಾತಾದ ವಾದ್ಯ ಇದು. ಮೊಜಾಂಬಿಕ್, ಮಲಾವಿ, ಜಾಂಬಿಯಾಗಳಲ್ಲೂ ಇದರ ಬಳಗವಿದೆ. ಪೋರ್ಚುಗೀಸ್ ಪಾದ್ರಿ ಜೊವಾವೊ ದೊಸ್ ಸಾಂಟೊಸ್ 1586ರಲ್ಲೇ ಈ ಸೀಮೆಯಲ್ಲಿ ಒಂಬತ್ತು ಕಬ್ಬಿಣದ ಪಟ್ಟಿಗಳ ‘ಅಂಬಿರಾ’ವನ್ನು ಕಂಡು ಬರೆದಿಟ್ಟಿದ್ದಾರೆ. ಆನ್‌ಲೈನ್ ಅಂಗಡಿಗಳಲ್ಲಿ ಕಲಿಂಬಾ ಎಂಬ ಹೆಸರಿನಲ್ಲಿ ಮಾರುವ ಪುಟ್ಟ ಪೆಟ್ಟಿಗೆಯನ್ನು ನೋಡಿದವರು ಎಂಬಿರಾ ಎಂದರೂ ಅದೇ ಅಂದುಕೊಳ್ಳುವುದುಂಟು. ಎರಡೂ ನೆಂಟರು ನಿಜ, ಆದರೆ ಕೆಲಸ ಬೇರೆ.

ಎಂಬಿರಾದಲ್ಲೂ ಹಲವು ಬಗೆ ಇವೆ. ಶಾಲೆಗಳಲ್ಲಿ ಹೆಚ್ಚಾಗಿ ಕಲಿಸುವುದು 15 ಪಟ್ಟಿಗಳ ನ್ಯುಂಗಾ ನ್ಯುಂಗಾ. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ದೊಡ್ಡದಾದ, ‘ಎಂಬಿರಾ ದ್ಜವದ್ಜಿಮು’ ಎಂಬ ಬಗೆಯನ್ನು. ವದ್ಜಿಮು ಎಂದರೆ ಕುಲದ ಹಿರಿಯರ ಆತ್ಮಗಳು. ಹಿರಿಯರಿಗೆ ಸೇರಿದ ಎಂಬಿರಾ ಎಂಬುದು ಈ ಹೆಸರಿನ ಅರ್ಥ.

ಇದರ ಹಲಗೆಗೆ ಗ್ವರಿವ ಎನ್ನುತ್ತಾರೆ. ಮುಬ್ವಮರೋಪ ಮರದ ಒಂದೇ ತುಂಡಿನಿಂದ ಅದನ್ನು ಕೆತ್ತುತ್ತಾರೆ. ಕಡಿದರೆ ರಕ್ತದಂಥ ಕೆಂಪು ರಸ ಸುರಿಸುವ ಈ ಮರ ನಮ್ಮ ಹೊನ್ನೆ, ರಕ್ತಚಂದನಗಳ ಕುಲದ್ದೇ. ಪಟ್ಟಿಗಳು 22ರಿಂದ 28ರವರೆಗೆ ಇರುತ್ತವೆ. ಹಿಂದೆ ಅದಿರು ಕರಗಿಸಿ ತೆಗೆದ ಕಬ್ಬಿಣವನ್ನು ಬಳಸುತ್ತಿದ್ದರು. ಈಗ ದಪ್ಪ ಮೊಳೆ, ಹಾಸಿಗೆಯ ಸ್ಪ್ರಿಂಗು, ಸೈಕಲ್ಲಿನ ಕಡ್ಡಿ ಹೀಗೆ ಸಿಕ್ಕ ಉಕ್ಕನ್ನೆಲ್ಲ ಬಡಿದು ಚಪ್ಪಟೆ ಮಾಡಿಕೊಳ್ಳುತ್ತಾರೆ. ಪಟ್ಟಿಗಳ ಕೆಳಗೆ ಅವನ್ನು ಎತ್ತಿ ಹಿಡಿಯುವ ಒಂದು ಆನಿಕೆ, ಅಂದರೆ ಕುದುರೆ, ಮೇಲೆ ಅಡ್ಡಲಾಗಿ ಒಂದು ಸರಳು. ಸರಳನ್ನು ಹಲಗೆಯ ತೂತುಗಳ ಮೂಲಕ ತಂತಿಯಿಂದ ಬಿಗಿದಿರುತ್ತಾರೆ, ಅಂಟಾಗಲಿ ಬೆಸುಗೆಯಾಗಲಿ ಇಲ್ಲ. ಹಾಗಾಗಿ ಪಟ್ಟಿಯ ತುದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹಿಂದಕ್ಕೆ ಸರಿಸಿದರೆ ಮಿಡಿಯುವ ಭಾಗ ಗಿಡ್ಡವಾಗಿ ಸ್ವರ ಏರುತ್ತದೆ, ಮುಂದಕ್ಕೆ ಎಳೆದರೆ ಇಳಿಯುತ್ತದೆ. ಸರಿಸಲು ಜಾಗವಿಲ್ಲದಿದ್ದರೆ ಅರದ ಕೆಲಸ: ತುದಿಯನ್ನು ಉಜ್ಜಿ ತೆಳುಮಾಡಿದರೆ ಸ್ವರ ಏರುತ್ತದೆ, ಕುದುರೆಯ ಹತ್ತಿರ ಉಜ್ಜಿದರೆ ಇಳಿಯುತ್ತದೆ. ತಂತಿಯ ಬಿಗಿತ ಸಡಿಲವಾದ ವಾದ್ಯದಲ್ಲಿ ಮಾತ್ರ ಎಷ್ಟು ಶ್ರುತಿ ಮಾಡಿದರೂ ನಿಲ್ಲುವುದಿಲ್ಲ, ನುಡಿಸಿದಂತೆಲ್ಲ ಪಟ್ಟಿಗಳು ಜರುಗುತ್ತಲೇ ಇರುತ್ತವೆ.

ಹಲಗೆಯೊಂದನ್ನೇ ಕೈಯಲ್ಲಿ ಹಿಡಿದು ನುಡಿಸಿದರೆ ಧ್ವನಿ ಎರಡು ಮಾರು ಆಚೆಗೆ ಹೋಗದು. ಅದಕ್ಕೇ ‘ದೆಜೆ’ ಬೇಕು. ಬಾಯಿ ಕೊಯ್ದ ದೊಡ್ಡ ಒಣ ಸೋರೆಬುರುಡೆಯೇ ದೆಜೆ, ಅದರೊಳಗೆ ಎಂಬಿರಾವನ್ನು ಇಟ್ಟು ಒಂದು ಸಣ್ಣ ಕೋಲನ್ನು ಆನಿಸಿ ಬಿಗಿಯುತ್ತಾರೆ. ಬುರುಡೆ ಒಡೆಯುವ ಭಯಕ್ಕೆ ಈಗ ಫೈಬರ್‌ಗ್ಲಾಸಿನ ದೆಜೆಗಳೂ ಬಂದಿವೆ. ದೆಜೆಯ ಅಂಚಿಗೂ ಹಲಗೆಗೂ ಸೋಡಾ ಬಾಟಲಿಯ ಮುಚ್ಚಳಗಳನ್ನೋ ಚಿಪ್ಪುಗಳನ್ನೋ ಸಡಿಲವಾಗಿ ಪೋಣಿಸುತ್ತಾರೆ. ಅವುಗಳ ಹೆಸರು ಮಚಚಾರ. ಪಟ್ಟಿ ಮಿಡಿದಾಗಲೆಲ್ಲ ಅವು ಝೇಂಕರಿಸುತ್ತವೆ. ಮೊದಲ ಬಾರಿ ಕೇಳುವವರಿಗೆ ವಾದ್ಯ ಬಿರುಕು ಬಿಟ್ಟಿದೆಯೇನೋ ಅನ್ನಿಸಬಹುದು. ತಂಬೂರಿಗೆ ಜೀವಾಳದ ದಾರ ಇಟ್ಟಂತೆಯೇ ಇದೂ ಬೇಕೆಂದೇ ಇಟ್ಟ ಝೇಂಕಾರ. ಕೆಲವು ಸ್ಟುಡಿಯೊಗಳು ‘ಸ್ವಚ್ಛ’ ಧ್ವನಿಗೆಂದು ಮುಚ್ಚಳ ಬಿಚ್ಚಿಸಿ ಮಾಡಿದ ಮುದ್ರಣಗಳು ಇವೆ. ಉಪ್ಪಿಲ್ಲದ ಸಾರು ಅವು.

ನುಡಿಸುವುದಕ್ಕೆ ಮೂರೇ ಬೆರಳು. ಎಡಗಡೆ ಪಟ್ಟಿಗಳ ಎರಡು ಸಾಲಿದೆ, ಕೆಳಸಾಲಿನಲ್ಲಿ ಮಂದ್ರದ, ಅಂದರೆ ತಗ್ಗಿನ, ಸ್ವರಗಳು. ಎರಡೂ ಸಾಲು ಎಡ ಹೆಬ್ಬೆರಳೊಂದರದೇ ಪಾಲು. ಬಲಗಡೆಯ ಸಾಲಿನಲ್ಲಿ ಮೊದಲ ಕೆಲವು ಪಟ್ಟಿಗಳನ್ನು ಬಲ ಹೆಬ್ಬೆರಳು ಕೆಳಮುಖವಾಗಿ ಒತ್ತಿ ಮೀಟುತ್ತದೆ. ಉಳಿದವನ್ನು ತೋರುಬೆರಳು ಕೆಳಗಿನಿಂದ ಮೇಲಕ್ಕೆ ಉಗುರಿನಿಂದ ಎತ್ತಿ ಬಿಡುತ್ತದೆ. ಹಲಗೆಯ ಬಲ ಕೆಳಮೂಲೆಯಲ್ಲಿ ಒಂದು ತೂತಿದೆ. ಬಲಗೈ ಕಿರುಬೆರಳನ್ನು ಅದರಲ್ಲಿ ತೂರಿಸಿ ವಾದ್ಯವನ್ನು ಆತುಕೊಳ್ಳುವುದು ಕ್ರಮ. ಹೊಸಬರು ಇದನ್ನು ಬಿಟ್ಟು ಅಂಗೈಯಿಂದ ಹಿಡಿಯಲು ಹೋಗುತ್ತಾರೆ. ಆಗ ತೋರುಬೆರಳು ಆಡಲು ಜಾಗವೇ ಉಳಿಯುವುದಿಲ್ಲ, ಮೇಲಿನ ಸ್ವರಗಳು ಮಂಕಾಗುತ್ತವೆ. ಉಗುರು ತೀರ ಗಿಡ್ಡವಾಗಿದ್ದರೂ ಇದೇ ಪಾಡು, ಜೊತೆಗೆ ಬೊಬ್ಬೆ ಬೇರೆ.

ಇನ್ನು ಸಂಗೀತದ ಒಳಗುಟ್ಟು. ಬಹುಪಾಲು ಕೃತಿಗಳು 48 ಮಾತ್ರೆಗಳ (ತಾಳದ ಎಣಿಕೆಗಳ) ಒಂದು ಸುತ್ತು, ಅಂದರೆ 12 ಮಾತ್ರೆಗಳ ನಾಲ್ಕು ಪಾದ. ಸುತ್ತು ಮುಗಿದಲ್ಲೇ ಮತ್ತೆ ಶುರು. ಒಬ್ಬರು ನುಡಿಸುವ ಪಾಲಿಗೆ ‘ಕುಶಾವುರ’ ಎಂದು ಹೆಸರು, ಅದು ಮುಂದಾಳಿನ ಪಾಲು. ಇನ್ನೊಬ್ಬರದು ‘ಕುತ್ಸಿನ್ಹಿರ’, ಬೆನ್ನ ಹಿಂದೆ ಬರುವ ಪಾಲು. ಹೊಸಬರಿಗೆ ಮೊದಲು ಕಲಿಸುವ ಕೃತಿಗಳಲ್ಲೊಂದಾದ ‘ಕರಿಗಮೊಂಬೆ’ಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡನೆಯವರು ಮೊದಲನೆಯವರ ಪಾಲನ್ನೇ ಒಂದು ಮಾತ್ರೆ ತಡವಾಗಿ ನುಡಿಸಬಹುದು, ಅಷ್ಟೆ. ಆದರೆ ಕೇಳುವವರ ಕಿವಿಗೆ ಇಬ್ಬರೂ ನುಡಿಸದ ಮೂರನೆಯ ಧಾಟಿಯೊಂದು ಬೀಳುತ್ತದೆ: ಒಬ್ಬರ ಸ್ವರದ ಸಂದಿಯಲ್ಲಿ ಇನ್ನೊಬ್ಬರ ಸ್ವರ ಕೂತು, ಮೇಲಿನವು ಒಂದು ಎಳೆ, ಮಂದ್ರದವು ಇನ್ನೊಂದು ಎಳೆ ಎಂದು ಕಿವಿಯೇ ಹೆಣೆದುಕೊಳ್ಳುತ್ತದೆ. ಬೇರೆ ಕೃತಿಗಳಲ್ಲಿ ಕುತ್ಸಿನ್ಹಿರ ಬೇರೆಯೇ ಇದ್ದು, ಮಂದ್ರಕ್ಕೆ ಒತ್ತು ಕೊಡುತ್ತದೆ. ಎಡವುವುದು ಸಾಮಾನ್ಯವಾಗಿ ಎರಡನೆಯವರೇ. ಪಕ್ಕದವರ ಬಡಿತ ಗಟ್ಟಿಯಾಗಿ ಕೇಳಿದೊಡನೆ ತಮಗರಿವಿಲ್ಲದೆ ಅದರ ಮೇಲೆಯೇ ಬಂದು ಕೂರುತ್ತಾರೆ. ಆ ಕ್ಷಣಕ್ಕೆ ಹೆಣಿಗೆ ಕುಸಿದು, ಎರಡು ವಾದ್ಯ ಒಂದೇ ಆಗಿ ಕೇಳಿಸುತ್ತದೆ. ಒಬ್ಬರೇ ಕೂತು ತಿಂಗಳುಗಟ್ಟಲೆ ಸಾಧನೆ ಮಾಡಿದವರೂ ಜೋಡಿಯಲ್ಲಿ ತಬ್ಬಿಬ್ಬಾಗುವುದು ಇಲ್ಲೇ.

ಇಬ್ಬರನ್ನೂ ದಾರಿ ತಪ್ಪದಂತೆ ಹಿಡಿಯುವುದು ‘ಹೋಶೋ’. ಒಳಗೆ ‘ಹೋಟ’ ಎಂಬ ಗಟ್ಟಿ ಬೀಜ (ಕ್ಯಾನಾ ಹೂಗಿಡದ್ದು) ತುಂಬಿದ ಎರಡು ಸೋರೆಬುರುಡೆ, ಕೈಗೊಂದರಂತೆ. 12 ಮಾತ್ರೆಯ ಪಾದವನ್ನು ಅದು ಮೂರು ಮೂರರಂತೆ ನಾಲ್ಕು ಬಡಿತವಾಗಿ ಕತ್ತರಿಸುತ್ತದೆ, ನಮ್ಮ ತಿಶ್ರ ನಡೆಯ ಲೆಕ್ಕ. ಬೀಜಗಳೆಲ್ಲ ಒಟ್ಟಿಗೆ ಒಂದೇ ಗೋಡೆಗೆ ಬಡಿಯುವಂತೆ ಮಣಿಕಟ್ಟು ಚುರುಕಾಗಿ ತಿರುಗಬೇಕು. ಸುಮ್ಮನೆ ಅಲುಗಾಡಿಸಿದರೆ ಬೀಜ ಚೆದುರಿ ಸರಸರ ಸದ್ದಾಗುತ್ತದೆ, ಬಡಿತ ಎಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ನೋಡಲು ಸುಲಭವಾದ ಈ ಕೆಲಸವನ್ನು ರಾತ್ರಿಯಿಡೀ ಮಾಡಬಲ್ಲವರನ್ನು ಕರೆತರುವುದು ಎಂಬಿರಾದವರನ್ನು ಕರೆತರುವಷ್ಟೇ ಮುಖ್ಯ.

ರಾತ್ರಿಯಿಡೀ ಅಂದದ್ದು ‘ಬೀರಾ’ದ ಲೆಕ್ಕ. ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದಾಗ ಹಿರಿಯರನ್ನು ಕರೆದು ಮಾತಾಡಿಸುವ ಆಚರಣೆ ಅದು. ಅದಕ್ಕೆ ಏಳು ದಿನ ಮೊದಲೇ ಸಿರಿಧಾನ್ಯದ ಬಿಯರ್ ತಯಾರಿ ಶುರು. ಧಾನ್ಯ ಯಾವುದೆಂದರೆ ಅಲ್ಲಿ ರಪೋಕೊ ಎನ್ನುವ, ನಾವು ರಾಗಿ ಎನ್ನುವ ಅದೇ ಕಾಳು. ಅದರ ತವರೂ ಆಫ್ರಿಕವೇ. ಕತ್ತಲಾದ ಮೇಲೆ ಎಂಬಿರಾ ಶುರುವಾಗಿ, ಚಪ್ಪಾಳೆ, ಹೆಂಗಸರ ಉಲುಲು ಧ್ವನಿ, ಹಾಡು, ಕಾಲಿನ ತುಳಿತ ಒಂದೊಂದೇ ಸೇರಿಕೊಳ್ಳುತ್ತವೆ. ಕುಣಿತದವರು ಬಡಿತದ ಮೇಲಷ್ಟೇ ಹೆಜ್ಜೆ ಇಟ್ಟು ಸುಮ್ಮನಾಗುವುದಿಲ್ಲ. ಹೆಣಿಗೆಯಲ್ಲಿ ಕೇಳಿದ ಯಾವುದೋ ಎಳೆಯನ್ನು ಹಿಡಿದು ಕಾಲಿನಲ್ಲಿ ಅದನ್ನೇ ನುಡಿಸುತ್ತಾರೆ. ಹಿರಿಯರು ಬದುಕಿದ್ದಾಗ ಮೆಚ್ಚಿದ ಹಾಡು ಬಂದಾಗ ಅವರ ಆತ್ಮ ‘ಸ್ವಿಕಿರೊ’ ಎಂಬ ಮಾಧ್ಯಮ ವ್ಯಕ್ತಿಯ ಮೈಮೇಲೆ ಬರುತ್ತದೆ ಎಂಬುದು ನಂಬಿಕೆ. ಯಾವ ಹಾಡಿಗೆ ಯಾರು ಬರುತ್ತಾರೆಂದು ತಿಳಿದಿರುವುದು ವಾದಕರ ವಿದ್ಯೆಯ ಭಾಗವೇ.

ವಸಾಹತು ಆಡಳಿತಕ್ಕೂ ಮಿಶನರಿಗಳಿಗೂ ಇದು ಹಿಡಿಸದಿದ್ದುದು ಸಹಜ. ಬ್ರಿಟಿಷರ ವಿರುದ್ಧದ 1896–97ರ ದಂಗೆಯಲ್ಲಿ ಜನರನ್ನು ಒಗ್ಗೂಡಿಸಿದವರಲ್ಲಿ ಸ್ವಿಕಿರೊಗಳೇ ಇದ್ದರು. ಶೋನಾ ಜನರ ಹಿರಿಯಳೆನಿಸಿದ ನೆಹಾಂಡಾಳ ಆತ್ಮಕ್ಕೆ ಮಾಧ್ಯಮಳಾಗಿದ್ದ ಚಾರ್ವೆಯನ್ನು 1898ರಲ್ಲಿ ಗಲ್ಲಿಗೇರಿಸಿದರು. ಕ್ರೈಸ್ತ ಶಾಲೆಗೆ ಹೋದ ಮಕ್ಕಳಿಗೆ ಎಂಬಿರಾ ಸೈತಾನನ ಸಾಮಾನು ಎಂದು ಹೇಳಿಕೊಟ್ಟದ್ದೂ ಆಯಿತು. 1970ರ ದಶಕದ ಬಿಡುಗಡೆಯ ಹೋರಾಟದಲ್ಲಿ ಅದೇ ವಾದ್ಯ ಮತ್ತೆ ಎದ್ದಿತು, ಅದೂ ಗಿಟಾರಿನ ವೇಷದಲ್ಲಿ. ಗಾಯಕ ಥಾಮಸ್ ಮಾಪ್ಫುಮೊ ಅವರ ತಂಡದ ಗಿಟಾರಿಗರು ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ಮೀಟಿ ಎಂಬಿರಾದ ಮೊಟಕು ಸ್ವರವನ್ನು ತಂದರು. ಆ ದಶಕದ ಕೊನೆಯ ಹೊತ್ತಿಗೆ ಮಾಪ್ಫುಮೊ ಸೆರೆಯಾದರು. ಸ್ಟೆಲ್ಲಾ ಚಿವೇಶೆ (1946–2023) ಕಲಿಯಲು ಹೊರಟಾಗ ಹೆಣ್ಣುಮಗಳಿಗೆ ಎಂಬಿರಾ ಹೇಳಿಕೊಡುವವರೇ ಅಪರೂಪ. ಕೊನೆಗೆ ಎಂಬಿರಾದ ರಾಣಿ ಎಂದು ಹೆಸರಾದವರೂ ಅವರೇ. 2020ರಲ್ಲಿ ಮಲಾವಿ, ಜಿಂಬಾಬ್ವೆಗಳ ಈ ವಾದ್ಯ ಮಾಡುವ ಮತ್ತು ನುಡಿಸುವ ಕಲೆಯನ್ನು ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಕಲಿಂಬಾವನ್ನು ಮಾರುಕಟ್ಟೆಗೆ ತಂದವರು ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ್ದ ಹ್ಯೂ ಟ್ರೇಸಿ. ಅವರು 1954ರಲ್ಲಿ ಆಫ್ರಿಕನ್ ಸಂಗೀತದ ಗ್ರಂಥಾಲಯವನ್ನೂ ಕಟ್ಟಿದರು. ಕಲಿಂಬಾವನ್ನು ಪಾಶ್ಚಾತ್ಯ ಶ್ರುತಿಗೆ ಹೊಂದಿಸಿ, ಎಡಕ್ಕೊಂದು ಬಲಕ್ಕೊಂದು ಸ್ವರ ಏರುವಂತೆ ಜೋಡಿಸಿದ್ದರಿಂದ ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಒಂದು ಧಾಟಿ ನುಡಿಸಬಹುದು. ಅದರಲ್ಲಿ ತಪ್ಪೇನಿಲ್ಲ, ಆದರೆ ಕುಶಾವುರದ ಬೆರಳಾಟ ಅದರ ಮೇಲೆ ಕೂರುವುದಿಲ್ಲ. ಎಂಬಿರಾವನ್ನೇ ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. ಸಪ್ತಕಕ್ಕೆ ಸ್ವರ ಏಳೇ ಆದರೂ ಆಧಾರ ಶ್ರುತಿ, ಸ್ವರಗಳ ನಡುವಿನ ಅಂತರ ಎರಡೂ ಮಾಡುವವರಿಂದ ಮಾಡುವವರಿಗೆ ಬದಲಾಗುತ್ತವೆ. ಇಬ್ಬರು ಬೇರೆ ಬೇರೆ ಕಡೆ ಕೊಂಡು ತಂದರೆ ಜೊತೆಗೆ ನುಡಿಸಲಾಗುವುದಿಲ್ಲ. ಒಬ್ಬರೇ ಮಾಡಿ, ಒಟ್ಟಿಗೆ ಶ್ರುತಿ ಕೂಡಿಸಿದ ಜೋಡಿಯನ್ನೇ ಕೇಳಿ ತರಿಸಿಕೊಳ್ಳಬೇಕು.