ಮಂಡೆಬಿಸಿಗೆ ಬೆರಳ ತುದಿಯ ತಟ್ಟು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಬೆಳಗಿನ ರೈಲು ಹತ್ತಿ ಮಂಗಳೂರಿನ ಆಸ್ಪತ್ರೆ, ಬ್ಯಾಂಕುಗಳಿಗೆ ಹೋಗುವವರಿಗೆ 'ಮಂಡೆಬಿಸಿ' ದಿನನಿತ್ಯದ ಮಾತು. ಆದರೆ ಈ ಬಿಸಿ ಮಂಡೆಯಲ್ಲಷ್ಟೇ ಇರುವುದಿಲ್ಲ. ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ, ಹೆಗಲು ಬಿಗಿಯುತ್ತದೆ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಗಂಟೆಗಟ್ಟಲೆ ಇಳಿಯದೆ ಉಳಿಯುತ್ತದೆ. ಇದನ್ನು ಇಳಿಸಲು ಈಗ ಹಲವರು ಬಳಸುತ್ತಿರುವುದು ಟ್ಯಾಪಿಂಗ್, ಅಂದರೆ ಮುಖ ಮತ್ತು ಎದೆಯ ಕೆಲವು ಜಾಗಗಳನ್ನು ಬೆರಳಿನಿಂದ ತಟ್ಟುವ ಕ್ರಮ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರೋಜರ್ ಕ್ಯಾಲಹನ್ ರೂಪಿಸಿದ ಪದ್ಧತಿಯನ್ನು 1990ರ ದಶಕದಲ್ಲಿ ಗ್ಯಾರಿ ಕ್ರೇಗ್ ಸರಳಗೊಳಿಸಿ ಇಎಫ್‌ಟಿ (ಇಮೋಷನಲ್ ಫ್ರೀಡಂ ಟೆಕ್ನಿಕ್ಸ್) ಎಂದು ಕರೆದರು.

ಮೊದಲು ಈಗಿನ ಕಳವಳಕ್ಕೆ 0ಯಿಂದ 10ರೊಳಗೆ ಅಂಕ ಕೊಡಿ. ಕಿರುಬೆರಳಿನ ಕೆಳಗಿನ ಅಂಗೈ ಅಂಚನ್ನು ಇನ್ನೊಂದು ಕೈಯ ಬೆರಳುಗಳಿಂದ ತಟ್ಟುತ್ತ, 'ನನಗೆ ಈ ಹೆದರಿಕೆ ಇದೆ, ಆದರೂ ನನ್ನನ್ನು ನಾನು ಒಪ್ಪಿಕೊಳ್ಳುತ್ತೇನೆ' ಎಂದು ಮೂರು ಸಲ ಹೇಳಿ. ಆಮೇಲೆ ತೋರುಬೆರಳು, ನಡುಬೆರಳು ಜೋಡಿಸಿ ಹುಬ್ಬಿನ ಒಳತುದಿ, ಕಣ್ಣಿನ ಪಕ್ಕದ ಎಲುಬು, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಕೆಳತುಟಿಯ ಕೆಳಗಿನ ಗುಳಿ, ಕೊರಳೆಲುಬಿನ ಕೆಳಗೆ, ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ, ಹೀಗೆ ಒಂದೊಂದು ಕಡೆ ಐದರಿಂದ ಏಳು ಸಲ ಮೆತ್ತಗೆ ತಟ್ಟಿ. ಒಂದು ಸುತ್ತಿಗೆ ಒಂದೆರಡು ನಿಮಿಷ ಸಾಕು. ಮತ್ತೆ ಅಂಕ ನೋಡಿ.

ಅಂಕ ಇಳಿಯದಿದ್ದರೆ ಹೆಚ್ಚಿನವರು ಜಾಗ ತಪ್ಪಿತೆಂದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ಸಡಿಲವಾಗಿರುವುದು ವಾಕ್ಯ. 'ಕೆಲಸದ ಟೆನ್ಶನ್' ಎಂದರೆ ಮನಸ್ಸಿಗೆ ಹಿಡಿಯಲು ಏನೂ ಸಿಗದು. 'ಮಲಯಾಳದ ಕಡತ ಎಲ್ಲರೆದುರು ಓದಿ ಹೇಳಲು ಕರೆದಾಗ ಗಂಟಲು ಒಣಗುತ್ತದೆ' ಎಂದರೆ ಸಂದರ್ಭವೂ ಇದೆ, ದೇಹದ ಜಾಗವೂ ಇದೆ. ಇದನ್ನು ಮನೆಯಲ್ಲಾಡುವ ಮಾತಿನಲ್ಲೇ ಹೇಳಿಕೊಳ್ಳಿ. ತುಳುವಾಗಲಿ, ಹವ್ಯಕವಾಗಲಿ, ಹೆದರಿಕೆಗೆ ಸರಿಯಾದ ಪದ ಅಲ್ಲೇ ಬೇಗ ಸಿಗುತ್ತದೆ.

ವಾಕ್ಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 2012ರಲ್ಲಿ ಸಂಶೋಧಕ ಡಾಸನ್ ಚರ್ಚ್ ಅವರ ತಂಡ 83 ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ತಟ್ಟಿದವರ ಕಾರ್ಟಿಸಾಲ್ ಸರಾಸರಿ ಶೇ. 24ರಷ್ಟು ಇಳಿಯಿತು. ಸುಮ್ಮನೆ ವಿಶ್ರಾಂತಿ ಪಡೆದವರಲ್ಲಿ ಇಳಿದದ್ದು ಸುಮಾರು ಶೇ. 14. ಚರ್ಚ್ ಸ್ವತಃ ಈ ವಿದ್ಯೆಯ ಪ್ರಚಾರಕರು ಎಂಬುದನ್ನು ಮರೆಯಬಾರದು. ಇನ್ನೊಂದೆಡೆ, 2003ರಲ್ಲಿ ಸಂಶೋಧಕರಾದ ವೇಟ್ ಮತ್ತು ಹೋಲ್ಡರ್ 119 ವಿದ್ಯಾರ್ಥಿಗಳನ್ನು ಪರೀಕ್ಷಿಸಿದಾಗ, ಬೇರೆ ಜಾಗ ತಟ್ಟಿದವರ, ಅಷ್ಟೇಕೆ, ಗೊಂಬೆಯನ್ನು ತಟ್ಟಿದವರ ಹೆದರಿಕೆಯೂ ಸರಿಸುಮಾರು ಅಷ್ಟೇ ತಗ್ಗಿತ್ತು. ತಟ್ಟುವ ಜಾಗಗಳಲ್ಲಿ ಶಕ್ತಿ ಹರಿಯುವ ನಾಳಗಳಿವೆ ಎಂಬ ಟ್ಯಾಪಿಂಗ್ ಪ್ರಚಾರಕರ ಮಾತಿಗೆ ಅಂಗರಚನೆಯಲ್ಲಿ ಆಧಾರವಿಲ್ಲ. ಹೆದರಿಕೆಯನ್ನು ಹೆಸರಿಟ್ಟು ಎದುರಿಸುವುದು, ಆ ಹೊತ್ತಿಗೆ ಗಮನವನ್ನು ಲಯಬದ್ಧ ಸ್ಪರ್ಶದ ಮೇಲೆ ಇಡುವುದು, ಉಸಿರು ನಿಧಾನವಾಗುವುದು: ಗುಣ ಇವುಗಳದ್ದೇ ಇರಬೇಕು.

ಹಾಗಾಗಿ ತಟ್ಟುವಾಗ ಉಸಿರು ಕಟ್ಟಬೇಡಿ, ಅವಸರಿಸಬೇಡಿ. ರೈಲಿನಲ್ಲಿ ನಾಚಿಕೆಯಾದರೆ ಅಂಗೈ ಅಂಚೊಂದೇ ಸಾಕು. ಹಳೆಯ ಆಘಾತದ ನೆನಪನ್ನು ಮಾತ್ರ ಒಬ್ಬರೇ ಕೆದಕಬೇಡಿ. ಅಂಕ ಏರುತ್ತಲೇ ಹೋದರೆ ನಿಲ್ಲಿಸಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಎದೆನೋವು ಎಡತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಅದನ್ನು ಮಂಡೆಬಿಸಿಯೆಂದು ತಟ್ಟುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.