ಮೊದಲು ಲಗಾಮು, ಆಮೇಲೆ ಕುದುರೆ

ಹೋದ ಮಾರ್ಚ್‌ನಲ್ಲಿ ಒಬ್ಬರು 1968ರ ಪ್ಲಿಮತ್ ರೋಡ್ ರನ್ನರ್ ತಂದು ನಮ್ಮ ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಮೈಸೂರಿನವರು, ಮಿಷಿಗನ್‌ಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಕಾರಿನ ಬಣ್ಣದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. "ಸಾರ್, ಡಿಕ್ಕಿಯಲ್ಲಿ ಒಂದು ಡಬ್ಬ ಇದೆ, ನೋಡಿ" ಎಂದರು. ಒಳಗೆ ಹೊಸ ಕ್ಯಾಮ್‌ಶಾಫ್ಟ್, ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ. ರೇಸಿನವರು ಹಾಕುವಂಥದ್ದು. "ಇದನ್ನ ಹಾಕಿಕೊಡಿ, ಬ್ರೇಕ್ ಕೆಲಸ ಮುಂದಿನ ವರ್ಷ ನೋಡೋಣ."

ಡಬ್ಬ ಪಕ್ಕಕ್ಕಿಟ್ಟು ಕೀ ಕೇಳಿದೆ. ಖಾಲಿ ರಸ್ತೆಯಲ್ಲಿ ಗಂಟೆಗೆ 60 ಮೈಲಿ ವೇಗದಿಂದ ಬ್ರೇಕ್ ಒತ್ತಿದೆ. ಮೊದಲ ಸಲ ಚೆನ್ನಾಗಿಯೇ ನಿಂತಿತು. ಎರಡನೇ ಸಲ ಸ್ವಲ್ಪ ಎಡಕ್ಕೆ ಎಳೆಯಿತು. ನಾಲ್ಕನೇ ಸಲಕ್ಕೆ ಪೆಡಲ್ ಒತ್ತಿದಷ್ಟೂ ಒತ್ತಿಸಿಕೊಂಡಿತು, ಕಾರು ಮಾತ್ರ ನಿಲ್ಲಲು ಮನಸ್ಸು ಮಾಡಲಿಲ್ಲ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಡ್ರಮ್ ಕಾದರೆ ಹಿಗ್ಗುತ್ತದೆ, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಬ್ರೇಕ್ ಶೂನಿಂದ ದೂರ ಸರಿಯುತ್ತದೆ. ಬಿಸಿ ಹೊರಗೆ ಹೋಗಲು ದಾರಿಯೂ ಕಮ್ಮಿ. ಸುಮಾರು 1,600 ಕೆ.ಜಿ. ತೂಗುವ ಗಾಡಿಗೆ ಇದು ಸಾಲದು. ಅದರ ಮೇಲೆ ಇನ್ನಷ್ಟು ಎಚ್‌ಪಿ (ಎಂಜಿನ್ ಶಕ್ತಿ) ಸೇರಿಸುವುದು ನನ್ನ ಕೈಯಲ್ಲಿ ಆಗದ ಕೆಲಸ ಅಂತ ಅವರಿಗೆ ನೇರವಾಗಿ ಹೇಳಿದೆ.

ಈ ಕಾರು ಹುಟ್ಟಿದ್ದೇ ಕಮ್ಮಿ ದುಡ್ಡಿಗೆ ಜಾಸ್ತಿ ವೇಗ ಕೊಡಲು. ಹೊಸದರಲ್ಲಿ ಬೆಲೆ 2,896 ಡಾಲರ್‌ನಿಂದ ಶುರು. ಬಾನೆಟ್ ಕೆಳಗೆ 383 ಕ್ಯೂಬಿಕ್ ಇಂಚಿನ, ಅಂದರೆ ಸುಮಾರು 6.3 ಲೀಟರಿನ ವಿ8. ಕಂಪನಿ ಹೇಳಿದ್ದು 335 ಎಚ್‌ಪಿ. ಈ ಅಂಕಿಯನ್ನು ಇವತ್ತಿನ ಕಾರಿನ ಅಂಕಿಯ ಪಕ್ಕ ಇಟ್ಟು ನೋಡಬೇಡಿ. ಆಗ ಅಳೆಯುತ್ತಿದ್ದದ್ದು ಬರೀ ಎಂಜಿನ್ ಅನ್ನು. ಏರ್ ಫಿಲ್ಟರ್, ಸೈಲೆನ್ಸರ್, ಆಲ್ಟರ್ನೇಟರ್ ಭಾರ ಯಾವುದೂ ಲೆಕ್ಕಕ್ಕಿಲ್ಲ. ಕಾರಿನಲ್ಲಿ ಕೂರಿಸಿದ ಸ್ಥಿತಿಯಲ್ಲೇ ಅಳೆದು ಹೇಳುವ ಪದ್ಧತಿ 1972ರ ಮಾಡೆಲ್‌ಗಳಿಂದ ಬಂತು. "ನನ್ನ ಮಗನ ಕಾರಿಗಿಂತ ಇದಕ್ಕೇ ಜಾಸ್ತಿ ಪವರ್ ಅಲ್ವಾ, ಮತ್ತೆ ಯಾಕೆ ಎಳೆಯಲ್ಲ?" ಅಂತ ಕೇಳುವವರಿಗೆಲ್ಲ ಇದೇ ನನ್ನ ಉತ್ತರ.

ನಾನು ಕೇಳುವ ಮೊದಲ ಪ್ರಶ್ನೆ: ಎಲ್ಲಿ ಓಡಿಸುತ್ತೀರಿ? ಇವರಿಗೆ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ, ಅಂದರೆ ಡೆಟ್ರಾಯಿಟ್ ಹತ್ತಿರದ ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೆ ಕಾರುಗಳ ಮೆರವಣಿಗೆಗೆ, ಹೋಗಬೇಕು. ಆಗಾಗ ಹೆದ್ದಾರಿಯಲ್ಲಿ ಮನೆಯವರ ಜೊತೆ ಒಂದು ಸುತ್ತು. ಅಷ್ಟೇ. ಡ್ರ್ಯಾಗ್ ರೇಸ್ ಇಲ್ಲ. ವುಡ್‌ವರ್ಡ್‌ನಲ್ಲಿ ಬಿಸಿಲಿನಲ್ಲಿ ಗಂಟೆಗಟ್ಟಲೆ ಇರುವೆ ಸಾಲಿನಂತೆ ತೆವಳಬೇಕು. ಅಲ್ಲಿ ಬೇಕಾದದ್ದು ಒಳ್ಳೆ ರೇಡಿಯೇಟರ್, ಫ್ಯಾನ್ ಸುತ್ತ ಸರಿಯಾದ ಶ್ರೌಡ್, ಅಂದರೆ ಗಾಳಿಗೆ ದಾರಿ ಮಾಡುವ ಹೊದಿಕೆ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವುದಿಲ್ಲ, ಪಕ್ಕದ ಬಿಸಿಗಾಳಿಯನ್ನೇ ತಿರುಗಿಸುತ್ತಾ ಕೂರುತ್ತದೆ. ಬಣ್ಣಕ್ಕೆ ಸಾವಿರಾರು ಡಾಲರ್ ಸುರಿದವರು ಈ ಒಂದು ಪ್ಲಾಸ್ಟಿಕ್ ತುಂಡನ್ನು ಬಿಟ್ಟಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಆಮೇಲೆ ವೈರಿಂಗ್. ಮೇಲೆ ಥಳಕು, ಒಳಗೆ ಹುಳುಕು ಅನ್ನುವ ಮಾತು ಇಲ್ಲಿಗೇ ಹೇಳಿ ಮಾಡಿಸಿದ್ದು. ಪ್ಲಿಮತ್ ಕ್ರೈಸ್ಲರ್ ಕಂಪನಿಯದೇ. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಬ್ಯಾಟರಿ ಚಾರ್ಜ್ ಆಗುವ ಕರೆಂಟ್ ಫೈರ್‌ವಾಲ್‌ನ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಕನೆಕ್ಟರ್ ದಾಟಿ ಒಳಗೆ ಬಂದು, ಡ್ಯಾಶ್‌ಬೋರ್ಡಿನಲ್ಲಿ ಕರೆಂಟ್ ಅಳೆಯುವ ಆಮೀಟರ್ ಮೂಲಕ ಹಾದು, ಮತ್ತೆ ಅದೇ ಕನೆಕ್ಟರ್ ದಾಟಿ ಹೊರಗೆ ಹೋಗುತ್ತದೆ. ಇವರ ಕಾರಿನ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದೆ. ಉಳಿದ ಪಿನ್‌ಗಳೆಲ್ಲ ಮಾಸಲು ಹಿತ್ತಾಳೆ ಬಣ್ಣ. ದಪ್ಪ ಕಪ್ಪು ವೈರಿನ ಪಿನ್ ಒಂದೇ ಕಂದಿ ನೀಲಿಗಟ್ಟಿತ್ತು. ಅದರ ಸುತ್ತಲಿನ ಪ್ಲಾಸ್ಟಿಕ್ ಕರಗಿ, ಮೇಣದ ಹನಿಯಂತೆ ಕೆಳಗೆ ಇಳಿದು ಗಟ್ಟಿಯಾಗಿತ್ತು. ಅವರನ್ನು ಕರೆದು ತೋರಿಸಿದೆ. ತುಂಬ ಹೊತ್ತು ಮಾತಾಡಲಿಲ್ಲ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಓಡಿಸಿದ ಕಾರು ಅದು. ಇಂಥ ಕಾರಿಗೆ ಎಲೆಕ್ಟ್ರಿಕ್ ಫ್ಯಾನು, ಎಲೆಕ್ಟ್ರಿಕ್ ಪೆಟ್ರೋಲ್ ಪಂಪು, ದೊಡ್ಡ ಆಲ್ಟರ್ನೇಟರ್ ಸುಮ್ನೆ ಸೇರಿಸಿದರೆ ಬೆಂಕಿಗೆ ನಾವೇ ಕರೆ ಕೊಟ್ಟಂತೆ. ಚಾರ್ಜಿಂಗ್ ಲೈನನ್ನು ಆಮೀಟರ್ ತಪ್ಪಿಸಿ ಹೊರಗಿನಿಂದಲೇ ಎಳೆದು ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿ ಮೀರಿದರೆ ಫ್ಯೂಸಿನಂತೆ ಕರಗಿ ಲೈನ್ ಕಡಿಯುವ ವೈರ್) ಹಾಕಿದೆವು. ಹೆಡ್‌ಲೈಟಿಗೆ ಬ್ಯಾಟರಿ ಕಡೆಯಿಂದ ನೇರ ಕರೆಂಟ್ ಕೊಡುವ ರಿಲೇ ಸ್ವಿಚ್ ಹಾಕಿದೆವು. ದೀಪದ ಬೆಳಕೇ ಬೇರೆಯಾಯಿತು.

ಈಗ ಆ ಕ್ಯಾಮ್ ವಿಚಾರ. ಜನ ಒಂದೊಂದೇ ಪಾರ್ಟ್ ಕೊಳ್ಳುತ್ತಾರೆ, ಒಂದು ಇನ್ನೊಂದಕ್ಕೆ ಏನು ಮಾಡುತ್ತದೆ ಅಂತ ನೋಡುವುದಿಲ್ಲ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿ, ಪೆಡಲ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ಕೂರಿಸುವುದು ಅಂತ ನಿರ್ಧಾರ ಮಾಡಿದೆವು. ಬೂಸ್ಟರ್ ಕೆಲಸ ಮಾಡುವುದು ಎಂಜಿನ್‌ನ ವ್ಯಾಕ್ಯೂಮ್‌ನಿಂದ, ಅಂದರೆ ಎಂಜಿನ್ ಗಾಳಿ ಎಳೆಯುವ ಹೀರುವಿಕೆಯಿಂದ. ರೇಸ್ ಕ್ಯಾಮ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಓಡುವಾಗ, ಆ ಗುಡುಗುಡು ಸದ್ದು ಬರುವುದು ಅದರಿಂದಲೇ, ಎಲ್ಲರಿಗೂ ಇಷ್ಟವಾಗುವುದೂ ಅದೇ. ಆದರೆ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ಕಂಪನಿಯಿಂದ ಬಂದಂತೆ ಇರುವ ಆರೋಗ್ಯವಂತ ಎಂಜಿನ್ ವ್ಯಾಕ್ಯೂಮ್ ಮೀಟರಿನಲ್ಲಿ 16-18 ಇಂಚು (ಪಾದರಸದ ಅಳತೆ) ತೋರಿಸುವ ಕಡೆ, ಇದು 10ರ ಆಸುಪಾಸಿಗೆ ಇಳಿಯಬಹುದು. ಆಗ ಬೂಸ್ಟರ್ ಇದ್ದೂ ಇಲ್ಲದಂತೆ. ಕೆಲವು ವರ್ಷದ ಹಿಂದೆ ಬೇರೆ ಕಡೆ ಕೆಲಸ ಮಾಡಿಸಿದ್ದ ಇಂಥದೇ ಕಾರೊಂದು ನಮ್ಮಲ್ಲಿಗೆ ಬಂದಿತ್ತು. ಹೊಸ ಡಿಸ್ಕ್, ಹೊಸ ಬೂಸ್ಟರ್, ಪೆಡಲ್ ಮಾತ್ರ ಕಲ್ಲು. ಬ್ರೇಕಿನಲ್ಲಿ ಎಷ್ಟು ಹುಡುಕಿದರೂ ದೋಷ ಸಿಗಲಿಲ್ಲ. ದೋಷ ಇದ್ದದ್ದು ಕ್ಯಾಮ್‌ನಲ್ಲಿ. ಅದಕ್ಕೇ ಈಗ ಯಾವ ಪಾರ್ಟ್ ಕೊಳ್ಳುವ ಮೊದಲೂ ಎಲ್ಲವನ್ನೂ ಗೋಡೆಯ ಬೋರ್ಡಿನ ಮೇಲೆ ಬರೆದು, ಒಂದರಿಂದ ಒಂದಕ್ಕೆ ಗೆರೆ ಎಳೆಯುತ್ತೇನೆ. ಆ ಅರ್ಧ ಗಂಟೆ ಬಹಳ ದುಡ್ಡು ಉಳಿಸುತ್ತದೆ.

ಗೇರಿನ ಲೆಕ್ಕವೂ ಹಾಗೇ. ಇವರ ಕಾರಿನ ಹಿಂದಿನ ಆಕ್ಸಲ್ 3.23, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 3.23 ಸುತ್ತು ತಿರುಗಬೇಕು. ಸುಮಾರು 27 ಇಂಚಿನ ಟಯರ್, ಗಂಟೆಗೆ 70 ಮೈಲಿ ಅಂದರೆ ಎಂಜಿನ್ 2,800 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಪಿಕಪ್‌ಗಾಗಿ 4.10 ಹಾಕಿದರೆ ಅದೇ ವೇಗಕ್ಕೆ 3,570. ಹೆದ್ದಾರಿಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. 0.68ರ ಓವರ್‌ಡ್ರೈವ್ (ಎಂಜಿನ್ ಸುತ್ತು ಕಮ್ಮಿ ಮಾಡುವ ಮೇಲಿನ ಗೇರು) ಇರುವ ಐದು ಗೇರಿನ ಬಾಕ್ಸ್ ಜೊತೆಗಿದ್ದರೆ 2,430ಕ್ಕೆ ಇಳಿಯುತ್ತದೆ. ದುಡ್ಡಿದ್ದರೆ ಎರಡೂ ಒಟ್ಟಿಗೆ ಮಾಡಿಸಿ. ಇಲ್ಲದಿದ್ದರೆ 3.23 ಇರಲಿ, ಅದು ಒಳ್ಳೆ ಗೇರು.

ಪೆಟ್ರೋಲಿನಲ್ಲಿ ಈಗ ಎಥನಾಲ್ ಇರುವುದರಿಂದ ಹಳೆ ರಬ್ಬರ್ ಪೈಪ್ ಎಲ್ಲ ಬದಲಾಯಿಸಿ. ವಾಲ್ವ್ ಕೂರುವ ಜಾಗವನ್ನು ಸವೆತದಿಂದ ಕಾಯುತ್ತಿದ್ದ ಸೀಸ ಈಗ ಪೆಟ್ರೋಲಿನಲ್ಲಿ ಇಲ್ಲದ್ದರಿಂದ, ಸಿಲಿಂಡರ್ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಕೂರಿಸಿಬಿಡಿ. ರೇಡಿಯಲ್ ಟಯರ್ ಹಾಕಿದ್ದರೆ ಅಲೈನ್‌ಮೆಂಟ್‌ಗೆ 1968ರ ಪುಸ್ತಕದ ಅಂಕಿ ಹಿಡಿಯಬೇಡಿ, ಅದು ಆ ಕಾಲದ ಬಯಾಸ್ ಪ್ಲೈ ಎಂಬ ಬೇರೆ ಬಗೆಯ ಟಯರಿಗೆ ಬರೆದದ್ದು.

ಇನ್ನೊಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಕಾರಿನ ಜೊತೆ ಹುಟ್ಟಿದ ಎಂಜಿನ್ ಇದ್ದರೆ, ಬ್ಲಾಕಿನ ಮೇಲೆ ಕೆತ್ತಿದ ನಂಬರ್ ಡ್ಯಾಶ್‌ಬೋರ್ಡಿನ ಮೇಲಿರುವ ಕಾರಿನ ನಂಬರಿಗೆ ಹೊಂದಿದರೆ, ಅದನ್ನು ಕೊರೆಯಬೇಡಿ. ದೊಡ್ಡ ಪವರ್ ಬೇಕಾದರೆ ಬೇರೆ ಬ್ಲಾಕ್ ತಂದು ಕಟ್ಟಿ, ಇದನ್ನು ಎಣ್ಣೆ ಸವರಿ ಸುತ್ತಿಡಿ. ಬಿಚ್ಚಿದ ಪ್ರತಿ ಬೋಲ್ಟನ್ನೂ ಚೀಟಿ ಬರೆದು ಡಬ್ಬಕ್ಕೆ ಹಾಕಿ. ನಾಳೆ ಇನ್ನೊಬ್ಬರು ಈ ಕಾರನ್ನು ಮೊದಲಿದ್ದಂತೆ ಮಾಡಬೇಕು ಅಂದರೆ ಆಗಬೇಕು.

ಇವರ ರೋಡ್ ರನ್ನರ್ ಈ ಆಗಸ್ಟ್‌ನಲ್ಲಿ ಹಳೆ ಎಂಜಿನ್‌ನಲ್ಲೇ ವುಡ್‌ವರ್ಡ್‌ಗೆ ಹೋಗಿ ಬಂತು. ಸಂಜೆವರೆಗೂ ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲೆ ಹೋಗಲಿಲ್ಲವಂತೆ. ರೇಸ್ ಕ್ಯಾಮ್ ಅನ್ನು ಅಂಗಡಿಗೆ ವಾಪಸ್ ಕೊಟ್ಟು, ಸ್ವಲ್ಪ ಸೌಮ್ಯವಾದ ಒಂದನ್ನು ತಂದಿಟ್ಟಿದ್ದಾರೆ. ಡಿಸೆಂಬರ್‌ನಲ್ಲಿ ಹಿಮ ಬಿದ್ದು ಕಾರು ಒಳಗೆ ಸೇರಿದ ಮೇಲೆ ಬಾನೆಟ್ ಎತ್ತುತ್ತೇವೆ.