ಪ್ರುಯಿಟ್-ಐಗೋದ ಮೆಟ್ಟಿಲುಗಳು: ಬಡವರ ವಸತಿ ಮತ್ತು ಅಪರಾಧದ ಭಯ

ಬಡವರಿಗೆ ವಸತಿ ಸಮುಚ್ಚಯ ಕಟ್ಟಿದರೆ ಸುತ್ತಲಿನ ಬಡಾವಣೆಗಳಲ್ಲಿ ಅಪರಾಧ ಹೆಚ್ಚುತ್ತದೆ ಎನ್ನುವವರು ಅಮೆರಿಕದಲ್ಲಿ ಇಂದಿಗೂ ಬೊಟ್ಟುಮಾಡುವುದು ಸೇಂಟ್ ಲೂಯಿಸ್ ನಗರದ ಪ್ರುಯಿಟ್-ಐಗೋ ಕಡೆಗೆ. 1950ರ ದಶಕದ ನಡುವೆ, ಕೊಳೆಗೇರಿಗಳನ್ನು ತೆರವುಗೊಳಿಸಿದ ಜಾಗದಲ್ಲಿ ಎದ್ದ ಈ ಸರ್ಕಾರಿ ವಸತಿಯಲ್ಲಿ 11 ಅಂತಸ್ತಿನ 33 ಕಟ್ಟಡಗಳೂ 2,870 ಮನೆಗಳೂ ಇದ್ದವು. 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಅವನ್ನು ಉರುಳಿಸತೊಡಗಿತು.

ಖರ್ಚು ಉಳಿಸಲೆಂದು ಅಲ್ಲಿನ ಲಿಫ್ಟುಗಳು 1, 4, 7 ಮತ್ತು 10ನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತಿದ್ದವು. ಉಳಿದ ಅಂತಸ್ತುಗಳವರು ದಿನಸಿ ಚೀಲ ಹೊತ್ತು ಮೆಟ್ಟಿಲು ಹಿಡಿಯಬೇಕಿತ್ತು. ದೀಪ ಒಡೆದುಹೋದ ಆ ಮೆಟ್ಟಿಲುಗಳಲ್ಲೇ ಸುಲಿಗೆಗಳು ನಡೆಯುತ್ತಿದ್ದವು. ಎಲ್ಲರಿಗೂ ಸೇರಿದ ಜಾಗವನ್ನು ಯಾರೂ ಕಾಯುವುದಿಲ್ಲವೆಂದು ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ 1972ರಲ್ಲಿ ವಾದಿಸಿದರು. ರಸ್ತೆಯಾಚೆಗಿನ ಕಾರ್ ಸ್ಕ್ವೇರ್ ವಿಲೇಜ್‌ನ ತಗ್ಗು ಮನೆಗಳಲ್ಲಿ ಅಂಥದೇ ಬಡ ಕುಟುಂಬಗಳು ಹೆಚ್ಚಿನ ತೊಂದರೆಯಿಲ್ಲದೆ ಬಾಳುತ್ತಿದ್ದುದು ಅವರ ಮುಖ್ಯ ಆಧಾರವಾಗಿತ್ತು.

ಈ ವಾದ ಸುಳ್ಳಲ್ಲ, ಆದರೆ ಅರ್ಧ ಕಥೆ. ಕಟ್ಟಲು ಕೇಂದ್ರ ಸರ್ಕಾರ ಹಣ ಕೊಡುತ್ತಿತ್ತು, ನಿರ್ವಹಣೆಯ ವೆಚ್ಚ ಮಾತ್ರ ನಿವಾಸಿಗಳ ಬಾಡಿಗೆಯಿಂದಲೇ ಹುಟ್ಟಬೇಕಿತ್ತು. 1950ರಲ್ಲಿ ಸುಮಾರು 8.57 ಲಕ್ಷವಿದ್ದ ನಗರದ ಜನಸಂಖ್ಯೆ 1970ರ ಹೊತ್ತಿಗೆ 6.22 ಲಕ್ಷಕ್ಕೆ ಕುಸಿಯಿತು. ಮನೆಗಳು ಖಾಲಿಯಾದಂತೆ ಬಾಡಿಗೆ ಕಡಿಮೆಯಾಯಿತು, ದುರಸ್ತಿ ನಿಂತಿತು, ಕೈಲಾದವರು ಬಿಟ್ಟುಹೋದರು. ಬಾಡಿಗೆ ಏರಿಕೆಯನ್ನು ತಾಳಲಾರದೆ ನಗರದ ಸರ್ಕಾರಿ ವಸತಿಗಳ ನಿವಾಸಿಗಳು 1969ರಲ್ಲಿ ಬಾಡಿಗೆ ಕೊಡದೆ ಮುಷ್ಕರ ಹೂಡಿದರು. ಲಿಫ್ಟು ಎಲ್ಲಿ ನಿಲ್ಲಬೇಕೆಂಬುದಕ್ಕಿಂತ ಅದು ಕೆಟ್ಟಾಗ ರಿಪೇರಿಗೆ ದುಡ್ಡು ಯಾರದೆಂಬ ಪ್ರಶ್ನೆಯೇ ದೊಡ್ಡದಿತ್ತು.

ನ್ಯೂಜೆರ್ಸಿಯ ಮೌಂಟ್ ಲಾರೆಲ್‌ನಲ್ಲಿ ಇದೇ ಭಯ ಬೇರೊಂದು ದಾರಿ ಹಿಡಿಯಿತು. ಬಡವರ ಮನೆಗಳಿಗೂ ಊರು ಜಾಗ ಕೊಡಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲೇ ತೀರ್ಪಿತ್ತರೂ, ದಾವೆ ಹೂಡಿದ್ದ ಎಥೆಲ್ ಲಾರೆನ್ಸ್ ಅವರ ಹೆಸರು ಹೊತ್ತ ಮನೆಗಳಿಗೆ ಜನ ಬಂದದ್ದು ಕಾಲು ಶತಮಾನದ ಬಳಿಕ. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿಯವರ ತಂಡ ನೆರೆಯ ಊರುಗಳೊಂದಿಗೆ ಹೋಲಿಸಿ ನೋಡಿದಾಗ, ಆ 140 ಮನೆಗಳಿಂದಾಗಿ ಅಪರಾಧ ಹೆಚ್ಚಿದ ಕುರುಹು ಸಿಗಲಿಲ್ಲ.

ಬಡವರ ವಸತಿ ಕಟ್ಟುವವರಿಗೆ ಕೇಂದ್ರ ಸರ್ಕಾರ 1986ರಲ್ಲಿ ತಂದ ತೆರಿಗೆ ರಿಯಾಯಿತಿಯ ನೆರವಿನಿಂದ ಕಟ್ಟಿದ ವಸತಿಗಳನ್ನು ಕುರಿತು ಅರ್ಥಶಾಸ್ತ್ರಜ್ಞರಾದ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್‌ಕ್ವೇಡ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಬಡಾವಣೆಗಳಲ್ಲಿ ಅಪರಾಧ ಇಳಿದಿತ್ತು. ಬಿಳಿಯರೇ ಹೆಚ್ಚಿರುವ ಸ್ಥಿತಿವಂತರ ಬಡಾವಣೆಗಳಲ್ಲಿ ಅಪರಾಧ ಏರಿರಲಿಲ್ಲ. ಆದರೂ ಅಕ್ಕಪಕ್ಕದ ಮನೆಗಳ ಬೆಲೆ ಸುಮಾರು ಶೇ. 2.5ರಷ್ಟು ಇಳಿದಿತ್ತು.